ರಷ್ಯಾ ಕ್ರಾಂತಿ ಕಾಲದ ಊರೂರ ನೋಟುಗಳು: ಸಂಗ್ರಹ ಶುರು ಮಾಡುವವರಿಗೆ

ಎರಡು ಮೂರು ತಿಂಗಳಿಗೊಮ್ಮೆಯಾದರೂ ಯಾರಾದರೊಬ್ಬರು ಒಂದು ಫೋಟೊ ಕಳಿಸುತ್ತಾರೆ. ನಾಣ್ಯ ಮೇಳದಲ್ಲಿ ಕೊಂಡ ರಷ್ಯನ್ ನೋಟು. 1917 ಅಂತ ಇಸವಿ ಇದೆ. ಎರಡು ತಲೆಯ ಹದ್ದು, ಅದರ ಹಿಂದೆ ಸ್ವಸ್ತಿಕ. ‘ಇದು ಅಸಲಿಯಾ? ಹಿಟ್ಲರ್‌ಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ? ಎಷ್ಟಕ್ಕೆ ಹೋಗುತ್ತೆ?’

ಮೂರಕ್ಕೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಅದು 250 ರೂಬಲ್ ನೋಟು, ಸಿಕ್ಕಾಪಟ್ಟೆ ಅಚ್ಚಾಗಿದೆ, ಹಾಗಾಗಿ ಅಸಲಿ ಆಗಿರುವ ಸಾಧ್ಯತೆಯೇ ಜಾಸ್ತಿ. ಹಿಟ್ಲರ್ ಆಗಿನ್ನೂ ಜರ್ಮನ್ ಸೈನ್ಯದಲ್ಲೊಬ್ಬ ಸಣ್ಣ ಸೈನಿಕ. ರಷ್ಯಾದ ತಾತ್ಕಾಲಿಕ ಸರ್ಕಾರ ಆ ಚಿಹ್ನೆಯನ್ನು ಶುಭ ಅಂತಲೇ ಹಾಕಿಕೊಂಡಿತ್ತು, ನಾವು ಹೊಸ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದ ಹಾಗೆ. ಇನ್ನು ಬೆಲೆ. ಸಾಧಾರಣ ಸ್ಥಿತಿಯ ನೋಟಾದರೆ ಮನೆಮಂದಿಯೆಲ್ಲ ಒಂದು ಹೊತ್ತು ಹೋಟೆಲಲ್ಲಿ ಊಟ ಮಾಡಿ ಬರುವ ಖರ್ಚಿನೊಳಗೇ ಸಿಗುತ್ತದೆ. ಅದನ್ನು ಮಾರಿ ಸೈಟ್ ತಗೊಳ್ಳುವ ಆಸೆ ಇದ್ದರೆ ಬಿಟ್ಟುಬಿಡಿ.

ಆ ನೋಟು ಬಂದಿದ್ದು ರಾಜಧಾನಿಯಿಂದ. ನಿಜವಾದ ಮಜಾ ಶುರುವಾಗುವುದು ಅದಾದ ಮೇಲೆ. 1918ರಿಂದ 1922ರ ತನಕ ಆ ದೇಶದಲ್ಲಿ ಕೈಗೊಂದು ಅಚ್ಚಿನ ಯಂತ್ರ ಸಿಕ್ಕವರೆಲ್ಲ ದುಡ್ಡು ಅಚ್ಚು ಹಾಕಿದರು. ಲೆನಿನ್ನರ ಬೋಲ್ಶೆವಿಕರ ಎದುರು ಹೋರಾಡಿದ ಶ್ವೇತ ಪಡೆಯ ಸೇನಾಪತಿಗಳು, ಕೊಸಾಕ್ ಎಂಬ ಕುದುರೆ ಸವಾರ ಯೋಧರ ಸೀಮೆಗಳು, ಹೊಸದಾಗಿ ಸ್ವತಂತ್ರ ಅಂತ ಸಾರಿಕೊಂಡ ದೇಶಗಳು, ನಗರಸಭೆಗಳು, ಸಹಕಾರ ಸಂಘಗಳು, ಕಾರ್ಖಾನೆಗಳು ಎಲ್ಲರೂ. ಈ ಪ್ರಾದೇಶಿಕ ನೋಟುಗಳನ್ನು ಕೂಡಿಸುವುದು ಹೇಗೆ ಅಂತ ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಷ್ಟೊಂದು ನೋಟು ಯಾಕೆ ಬಂತು ಅನ್ನುವುದು ಗೊತ್ತಿದ್ದರೆ ಮುಂದಿನದು ಸುಲಭ. 1914ರಲ್ಲಿ ಯುದ್ಧ ಶುರುವಾದದ್ದೇ ರಷ್ಯಾ ಸರ್ಕಾರ ನೋಟಿಗೆ ಬದಲಾಗಿ ಚಿನ್ನ ಕೊಡುವುದನ್ನು ನಿಲ್ಲಿಸಿತು. ಜನ ಬೆಳ್ಳಿ, ತಾಮ್ರದ ಚಿಲ್ಲರೆಯನ್ನು ಡಬ್ಬಿಗೆ ಸೇರಿಸಿದರು. ಚಿಲ್ಲರೆಗೆ ಎಷ್ಟು ತತ್ವಾರ ಆಯಿತು ಅಂದರೆ, 1915ರಲ್ಲಿ ರಟ್ಟಿನಂಥ ದಪ್ಪ ಕಾಗದದ ಮೇಲೆ ಅಂಚೆಚೀಟಿಯ ಚಿತ್ರವನ್ನೇ ಅಚ್ಚು ಹಾಕಿ ಚಿಲ್ಲರೆ ಅಂತ ಹಂಚಿದರು. 1917ರಲ್ಲಿ ಮೊದಲು ತ್ಸಾರ್, ಅಂದರೆ ರಷ್ಯಾದ ಚಕ್ರವರ್ತಿ, ಇಳಿದ, ವರ್ಷ ಮುಗಿಯುವ ಮುಂಚೆ ಬೋಲ್ಶೆವಿಕರು ಬಂದರು. ಅಂತರ್ಯುದ್ಧದಲ್ಲಿ ರೈಲು ಮಾರ್ಗಗಳು ತುಂಡಾದವು. ರಾಜಧಾನಿಯಿಂದ ನೋಟಿನ ಪೆಟ್ಟಿಗೆ ಬರುವುದು ನಿಂತಿತು. ಆದರೆ ರೈಲ್ವೆ ಕೂಲಿಗೆ, ಸಿಪಾಯಿಗೆ ಸಂಬಳ ಕೊಡಲೇಬೇಕಲ್ವಾ? ಆ ಊರಿನವರು ತಾವೇ ಅಚ್ಚು ಹಾಕಿಕೊಂಡರು. ಪಕ್ಕದ ಸೀಮೆಯವರು ಗೆದ್ದು ಬಂದರೆ ಹಳೆಯ ಸರ್ಕಾರದ ನೋಟು ರದ್ದು, ಅವರದ್ದು ಚಾಲ್ತಿ. ಈ ಗಡಿಬಿಡಿಯೆಲ್ಲ ನೋಟಿನ ಮೇಲೆ ಕಾಣುತ್ತದೆ. ಅದನ್ನು ಓದಲು ಬಂದರೆ ಸಾಕು, ಅರ್ಧ ಸಂಗ್ರಹಕಾರರು ನೀವಾಗಲೇ ಆದಿರಿ.

ಕೈಯಲ್ಲಿ ಇರಬೇಕಾದ ಸಾಮಾನು ಜಾಸ್ತಿ ಇಲ್ಲ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಅಂದರೆ ಚಿನ್ನದಂಗಡಿಯವರು ಕಣ್ಣಿಗೆ ಇಟ್ಟುಕೊಳ್ಳುವಂಥದ್ದು. ಒಂದು ಅಲ್ಟ್ರಾವೈಲೆಟ್ ಟಾರ್ಚ್. ಮಿಲಿಮೀಟರ್ ಗುರುತಿರುವ ಸ್ಕೇಲು. ನೋಟು ಹಾಕಿಡಲು ಪಾಲಿಯೆಸ್ಟರ್ ಕವರುಗಳು. ಒಂದು ಪುಸ್ತಕ, ಒಂದು ಪೆನ್ಸಿಲ್. ಪೆನ್ಸಿಲ್ಲೇ ಯಾಕೆ ಅಂದರೆ ನೋಟು ಬಿಚ್ಚಿಟ್ಟ ಮೇಜಿನ ಮೇಲೆ ಪೆನ್ನು ಇರಕೂಡದು. ಒಮ್ಮೆ ಶಾಯಿ ತಾಗಿದರೆ ಮುಗಿಯಿತು.

1. ಒಂದು ಸೀಮೆ ಹಿಡಿಯಿರಿ

ಎಲ್ಲವನ್ನೂ ಕೂಡಿಸುತ್ತೇನೆ ಅಂತ ಹೊರಟರೆ ಹತ್ತು ವರ್ಷದಲ್ಲಿ ಒಂದು ಚೀಲ ಕಾಗದ ಇರುತ್ತದೆ, ಸಂಗ್ರಹ ಇರುವುದಿಲ್ಲ. ಆ ಕಾಲದ ನೋಟುಗಳಲ್ಲಿ ಸಾವಿರಾರು ಬಗೆ ಇವೆ. ಒಂದು ಸೀಮೆ ಆರಿಸಿ ಅದರಲ್ಲೇ ಇಳಿಯಿರಿ. ಎಲ್ಲಿ ಏನು ಸಿಗುತ್ತದೆ ಅಂತ ಹೇಳುತ್ತೇನೆ.

ದಕ್ಷಿಣ ರಷ್ಯಾ: ಹೊಸಬರಿಗೆ ನಾನು ಹೇಳುವುದು ಇದನ್ನೇ. ಡಾನ್ ನದಿ ದಂಡೆಯ ರೊಸ್ತೋವ್ ಊರಲ್ಲಿ ಅಚ್ಚಾದವು. ನೋಟು ದೊಡ್ಡವು, ಅಚ್ಚು ಚೆನ್ನಾಗಿದೆ, ಬೇಕಾದಷ್ಟು ಸಿಗುತ್ತವೆ. 100 ರೂಬಲ್ ನೋಟಿನಲ್ಲಿ ಸೈಬೀರಿಯಾಕ್ಕೆ ದಂಡೆತ್ತಿ ಹೋದ ಕೊಸಾಕ್ ನಾಯಕ ಯೆರ್ಮಾಕ್ ಇದ್ದಾನೆ. 250ರಲ್ಲಿ ನೆಪೋಲಿಯನ್ ಎದುರು ಕಾದಾಡಿದ ಪ್ಲಾತೊವ್. 1919ರಲ್ಲಿ ಶ್ವೇತ ಪಡೆಯ ಜನರಲ್ ದೆನಿಕಿನ್ ಆಡಳಿತ ತಂದ 1000 ರೂಬಲ್ ನೋಟಿನ ಮೇಲೆ ಮಾಸ್ಕೋದ ತ್ಸಾರ್ ಗಂಟೆಯ ಚಿತ್ರ ಇದೆ. ಜನ ಅದನ್ನು ಕೊಲೊಕೊಲ್ಚಿಕ್ ಅಂತ ಕರೆದರು, ಪುಟ್ಟ ಗಂಟೆ ಅಂತ ಅರ್ಥ. ಮಾಸ್ಕೋ ಗೆಲ್ಲುವ ಆಸೆಯಲ್ಲಿ ಇದ್ದಾಗ ಅಚ್ಚು ಹಾಕಿದ್ದು. ದೆನಿಕಿನ್ ಪಡೆ ಅಲ್ಲಿಗೆ ಮುಟ್ಟಲೇ ಇಲ್ಲ.

ಉತ್ತರದ ಅರ್ಖಾಂಗೆಲ್ಸ್ಕ್: ಬ್ರಿಟಿಷರ ಬೆಂಬಲದಿಂದ ನಿಂತಿದ್ದ ಸರ್ಕಾರ ಇಲ್ಲಿತ್ತು. 40 ರೂಬಲ್‌ಗೆ ಒಂದು ಪೌಂಡ್ ಅಂತ ದರ ಕಟ್ಟಿದ ನೋಟುಗಳು ಬಂದವು. ಸ್ಥಳೀಯವಾಗಿ ಬಂದ 25 ರೂಬಲ್‌ನಲ್ಲಿ ವಾಲ್ರಸ್ ಇದೆ. ಸಮುದ್ರದ ಆ ದಂತದ ಪ್ರಾಣಿಯ ಹೆಸರಿನಿಂದಲೇ ನೋಟಿಗೆ ಮೊರ್ಜೊವ್ಕಾ ಅಂತ ಅಡ್ಡಹೆಸರು ಬಿತ್ತು. ಚೆಂದದ ನೋಟು, ಆದರೆ ಬೆಲೆ ಜಾಸ್ತಿ, ನಕಲಿಯೂ ಜಾಸ್ತಿ.

ಸೈಬೀರಿಯಾ ಮತ್ತು ದೂರಪೂರ್ವ: ಓಮ್ಸ್ಕ್‌ನಲ್ಲಿ ಶ್ವೇತ ಪಡೆಯ ಅಡ್ಮಿರಲ್ ಕೊಲ್ಚಾಕ್ ಆಡಳಿತದ ನೋಟುಗಳು. ಅಚ್ಚು ಅಷ್ಟಕ್ಕಷ್ಟೇ. ಕೆಲವು ನೋಟೇ ಅಲ್ಲ, ಐದು ಪರ್ಸೆಂಟ್ ಬಡ್ಡಿಯ ಸಾಲಪತ್ರಗಳು, ನೋಟಿನಂತೆ ಓಡಿದವು. ಇನ್ನೂ ಪೂರ್ವಕ್ಕೆ ಹೋದರೆ ಚಿತಾ ಊರಲ್ಲಿ ಅತಮಾನ್, ಅಂದರೆ ಕೊಸಾಕ್ ದಳಪತಿ, ಸೆಮ್ಯೊನೊವ್ ತಂದ ನೋಟುಗಳಿಗೆ ಜನ ಗುಬ್ಬಚ್ಚಿ, ಪಾರಿವಾಳ ಅಂತ ಹೆಸರಿಟ್ಟಿದ್ದರು. ಯಾಕೂತಿಯಾದಲ್ಲಿ ಕಾಗದವೇ ಇಲ್ಲದೆ ವೈನ್ ಬಾಟಲಿಯ ಲೇಬಲ್ಲುಗಳ ಮೇಲೆ ಮೊತ್ತ ಬರೆದು, ಸಹಿ ಮತ್ತು ಮುದ್ರೆ ಹಾಕಿ ದುಡ್ಡು ಮಾಡಿದರು. ಕಥೆ ಕೇಳಲು ಚೆಂದ. ಕೊಳ್ಳಲು ಹೋಗಬೇಡಿ. ಹಳೆಯ ಲೇಬಲ್ಲಿನ ಮೇಲೆ ಗೀಚುವುದು ಯಾರಿಗೆ ಕಷ್ಟ?

ಮಧ್ಯ ಏಷ್ಯಾ: ಇದು ಎಲ್ಲಕ್ಕಿಂತ ವಿಚಿತ್ರ. ವೆರ್ನಿ ಅಂತ ಒಂದು ಊರು, ಈಗಿನ ಅಲ್ಮಾಟಿ. ಸೆಮಿರೆಚ್ಯೆ ಪ್ರಾಂತ್ಯದ ಆಡಳಿತ 1918ರಲ್ಲಿ ಅಲ್ಲಿ ತಂದ ನೋಟಿನ ಮೇಲೆ, ಇದಕ್ಕೆ ಸ್ಟೇಟ್ ಬ್ಯಾಂಕಿನಲ್ಲಿಟ್ಟಿರುವ ಅಫೀಮು ಆಧಾರ ಅಂತ ಅಚ್ಚು ಹಾಕಿದ್ದಾರೆ. ಚಿನ್ನ ಇಲ್ಲ, ಅಫೀಮು ಇದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ ಸರ್ಕಾರ. ಬುಖಾರಾದ ಅಮೀರ ಕಾಗದದ ಮೇಲೆ ಬಣ್ಣಬಣ್ಣದ ಅಚ್ಚು ಒತ್ತಿಸಿದ. ಖೀವಾ, ಆಮೇಲೆ ಖೊರೆಜ್ಮ್ ಅಂತಾದ ಸೀಮೆಯಲ್ಲಿ, ರೇಷ್ಮೆ ಬಟ್ಟೆಯ ಮೇಲೆ ಮರದ ಅಚ್ಚಿನಿಂದ ನೋಟು ಮಾಡಿದರು. ರದ್ದಾದ ಮೇಲೆ ಹೆಂಗಸರು ಅವನ್ನೇ ಜೋಡಿಸಿ ಕೌದಿ ಹೊಲಿದುಕೊಂಡರಂತೆ. ಇಂಥದ್ದೊಂದು ಕೈಗೆ ಬಂದರೆ ಬೇರೆ ಯಾವ ನೋಟೂ ರುಚಿಸುವುದಿಲ್ಲ. ಆದರೆ ಇದು ಮೊದಲ ವರ್ಷದ ಕೊಳ್ಳುವಿಕೆ ಅಲ್ಲ.

ಕಾಕಸಸ್ ಮತ್ತು ಉಕ್ರೇನ್: ಜಾರ್ಜಿಯಾ, ಅರ್ಮೇನಿಯಾ, ಅಜರ್‌ಬೈಜಾನ್ ಮೂರೂ ಮೊದಲು ಒಟ್ಟಿಗೆ, ಆಮೇಲೆ ಬೇರೆ ಬೇರೆಯಾಗಿ ನೋಟು ತಂದವು. ಅರ್ಮೇನಿಯಾಕ್ಕಾಗಿ ಲಂಡನ್ನಿನ ವಾಟರ್‌ಲೋ ಕಂಪನಿ ಅಚ್ಚು ಹಾಕಿದ 50, 100, 250 ರೂಬಲ್ ನೋಟುಗಳು ನನ್ನ ಮಟ್ಟಿಗೆ ಆ ಕಾಲದ ಅತಿ ಸುಂದರ ನೋಟುಗಳು. ಉಕ್ರೇನಿನ ಮೊದಲ 100 ಕಾರ್ಬೊವಾನೆಟ್ಸ್ ನೋಟನ್ನು ಬಿಡಿಸಿದವರು ಹೆಯೊರ್ಹಿ ನಾರ್ಬುತ್ ಎಂಬ ಕಲಾವಿದ. ಅದರ ಮೇಲೆ ಉಕ್ರೇನಿಯನ್, ರಷ್ಯನ್, ಪೋಲಿಷ್, ಯಿಡ್ಡಿಷ್ ನಾಲ್ಕೂ ಭಾಷೆ ಇವೆ. ನಮ್ಮ ನೋಟಿನ ಹಿಂಬದಿಯ ಭಾಷಾ ಪಟ್ಟಿ ನೋಡಿ ಬೆಳೆದವರಿಗೆ ಇದು ಕೂಡಲೇ ಇಷ್ಟವಾಗುತ್ತದೆ.

2. ನೋಟಿನ ಮೇಲಿರುವುದನ್ನು ಓದಲು ಕಲಿಯಿರಿ

ರಷ್ಯನ್ ಭಾಷೆ ಬರಬೇಕಾಗಿಲ್ಲ. ಅಕ್ಷರ ಗುರುತು ಸಿಕ್ಕರೆ ಸಾಕು, ಒಂದು ವಾರದ ಕೆಲಸ. ಹತ್ತು ಹದಿನೈದು ಪದ ಬಂದರೆ ನೋಟು ಬಾಯಿ ಬಿಡುತ್ತದೆ. ಬಿಲೆಟ್ ಅಂದರೆ ನೋಟು. ಕ್ರೆದಿತ್ನಿ ಬಿಲೆಟ್ ಅಂದರೆ ಬ್ಯಾಂಕ್ ನೋಟು. ಕಜ್ನಚೇಯ್ಸ್ತ್ವೊ ಅಂದರೆ ಖಜಾನೆ. ಒಬ್ಯಜಾತೆಲ್ಸ್ತ್ವೊ ಅಂದರೆ ಸಾಲಪತ್ರ. ರಜ್ಮೆನ್ನಿ ಅಂದರೆ ಚಿಲ್ಲರೆಯದ್ದು. ಗೊರೊದ್ ನಗರ, ಒಬ್ಲಾಸ್ತ್ ಪ್ರಾಂತ್ಯ, ಕ್ರಾಯ್ ಗಡಿಸೀಮೆ. ಊರಿನ ಹೆಸರು ಸಿಕ್ಕಿತು ಅಂದರೆ ಅರ್ಧ ಗುರುತು ಆಯಿತು. ಮೊಬೈಲಿನ ಕ್ಯಾಮೆರಾ ಅನುವಾದ ಸಹಾಯಕ್ಕೆ ಬರುತ್ತದೆ, ಆದರೆ ಅಲಂಕಾರದ ಅಕ್ಷರಗಳ ಮುಂದೆ ಅದು ತಬ್ಬಿಬ್ಬಾಗುತ್ತದೆ.

ಈಗ ಒಂದು ಕೀಲಿಕೈ ಕೊಡುತ್ತೇನೆ. 1918ರಲ್ಲಿ ಬೋಲ್ಶೆವಿಕರು ರಷ್ಯನ್ ಕಾಗುಣಿತವನ್ನೇ ಬದಲಾಯಿಸಿದರು. ಹಳೆಯ ಬರಹದಲ್ಲಿ ವ್ಯಂಜನದಿಂದ ಮುಗಿಯುವ ಪದದ ಕೊನೆಗೆ ಒಂದು ಸದ್ದಿಲ್ಲದ ಅಕ್ಷರ ಬರೆಯುತ್ತಿದ್ದರು. ನೋಡಲು ಇಂಗ್ಲಿಷಿನ ಸಣ್ಣ ‘ಬಿ’ ಥರ, ನೆತ್ತಿಯಲ್ಲಿ ಎಡಕ್ಕೊಂದು ಪುಟ್ಟ ಕೊಂಬು. ಹೊಸ ಬರಹದಲ್ಲಿ ಪದದ ಕೊನೆಯ ಆ ಅಕ್ಷರ ಹೋಯಿತು. ಶ್ವೇತ ಪಡೆಯವರು ಹಠ ಹಿಡಿದು ಹಳೆಯದನ್ನೇ ಉಳಿಸಿಕೊಂಡರು. ಹಾಗಾಗಿ ‘ಬಿಲೆಟ್’ ಪದದ ಕೊನೆಗೆ ಕೊಂಬಿನ ‘ಬಿ’ ಇದ್ದರೆ ಒಂದೋ ಅದು ಕ್ರಾಂತಿಗೆ ಮುಂಚಿನ ಅಚ್ಚುಫಲಕದ್ದು, ಇಲ್ಲವೇ ಶ್ವೇತ ಪಡೆಯ ಕಡೆಯದ್ದು. ಇಲ್ಲದಿದ್ದರೆ ಸಾಮಾನ್ಯವಾಗಿ ಸೋವಿಯತ್, ಅಂದರೆ ಬೋಲ್ಶೆವಿಕರ ಕಡೆಯದ್ದು. ಕೊಂಬಿಲ್ಲದ ‘ಬಿ’ ಬೇರೆಯೇ ಅಕ್ಷರ, ಅದು ಈಗಲೂ ಬಳಕೆಯಲ್ಲಿದೆ. ‘ರೂಬಲ್’ ಪದದ ಕೊನೆಯಲ್ಲಿ ಅದನ್ನು ಕಂಡು ಮೋಸ ಹೋಗಬೇಡಿ.

ನಾನು ನೋಟು ಕೈಗೆ ಬಂದ ಕೂಡಲೇ ನೋಡುವ ಕ್ರಮ ಹೀಗಿದೆ. ಮೊದಲು ಲಾಂಛನ: ಹದ್ದಿಗೆ ಕಿರೀಟ ಇದೆಯಾ, ಇಲ್ಲವಾ, ಇಲ್ಲ ಸುತ್ತಿಗೆ ಕುಡುಗೋಲಾ? ಆಮೇಲೆ ಊರು. ಆಮೇಲೆ ಆ ಕೊಂಬಿನ ಅಕ್ಷರ. ಆಮೇಲೆ ಸಹಿ, ನಂಬರು. ಇಸವಿಯನ್ನು ಕಡೆಗೆ ನೋಡುತ್ತೇನೆ.

ಯಾಕೆ ಅಂದರೆ ಇಸವಿ ಸುಳ್ಳು ಹೇಳುತ್ತದೆ. ತ್ಸಾರ್ ಕಾಲದ 1 ರೂಬಲ್ ನೋಟಿನ ಮೇಲೆ 1898 ಅಂತಿದೆ, ಅದನ್ನು 1917ರಲ್ಲೂ ಅಚ್ಚು ಹಾಕಿದ್ದಾರೆ. ಸ್ವಸ್ತಿಕ ಇರುವ 5000, 10,000 ರೂಬಲ್ ನೋಟುಗಳ ಮೇಲೆ 1918 ಅಂತಿದೆ, ಬೋಲ್ಶೆವಿಕರು ಹೊರತಂದದ್ದು 1919ರಲ್ಲಿ. ಫಲಕ ಮಾತ್ರ ಹಿಂದಿನ ಸರ್ಕಾರದ್ದು. ಮಧ್ಯ ಏಷ್ಯಾದ ನೋಟಿನಲ್ಲಿ 1337, 1338 ಅಂತ ಕಂಡರೆ ಗಾಬರಿ ಬೇಡ. ಅದು ಹಿಜರಿ ಇಸವಿ, ನಮ್ಮ ಲೆಕ್ಕದಲ್ಲಿ 1918ರಿಂದ 1920ರ ನಡುವೆ ಬರುತ್ತದೆ.

3. ಮೊದಲ ಕೆಲವು ನೋಟು ಅಗ್ಗದವೇ ಇರಲಿ

ಕೈ ಪಳಗಲು ಅಗ್ಗದ ಅಸಲಿ ನೋಟು ಬೇಕು. ಇದಕ್ಕೆ ಕೆರೆಂಕಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. 1917ರ ತಾತ್ಕಾಲಿಕ ಸರ್ಕಾರದ ಮುಖ್ಯಸ್ಥ ಕೆರೆನ್ಸ್ಕಿ ಹೆಸರಿನ 20 ಮತ್ತು 40 ರೂಬಲ್ ಚೀಟಿಗಳಿವು. ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡವು. ಇಸವಿ ಇಲ್ಲ, ನಂಬರ್ ಇಲ್ಲ, ಸಹಿ ಇಲ್ಲ. ಹಾಳೆ ಹಾಳೆಯಾಗಿಯೇ ಜನರ ಕೈಗೆ ಹೋಗುತ್ತಿದ್ದವು. ಬೇಕಾದಷ್ಟನ್ನು ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಿದ್ದರು. ಬೋಲ್ಶೆವಿಕರು ಕೆರೆನ್ಸ್ಕಿಯನ್ನು ಓಡಿಸಿದರು, ಚೀಟಿಯನ್ನು ಮಾತ್ರ ಬಿಡದೆ ಅಚ್ಚು ಹಾಕಿದರು!

ಒಂದು ಕೆರೆಂಕಿಯನ್ನು ಭೂತಗನ್ನಡಿಯ ಕೆಳಗಿಡಿ. ಅಂಚು ನೋಡಿ. ಒಂದು ಕಡೆ ನೇರ, ಇನ್ನೊಂದು ಕಡೆ ಕತ್ತರಿ ಹಾವಿನ ಹಾಗೆ ಹೋಗಿರುತ್ತದೆ. ಯಾವುದೋ ಅಂಗಡಿಯಲ್ಲಿ ಯಾರೋ ಆತುರದಲ್ಲಿ ಕತ್ತರಿಸಿದ್ದು. ಗೆರೆಗಳನ್ನು ನೋಡಿ, ಶಾಯಿ ಒಂದೇ ಸಮ ಹರಿದಿರುತ್ತದೆ, ಚುಕ್ಕಿಗಳಾಗಿ ಒಡೆದಿರುವುದಿಲ್ಲ. ಬೆಳಕಿಗೆ ಹಿಡಿಯಿರಿ. ಕಾಗದದ ಒಳಗೇ ತೆಳು ಆಕೃತಿಗಳು ಕಾಣುತ್ತವೆ. ಇದಕ್ಕೆ ವಾಟರ್‌ಮಾರ್ಕ್ ಅಂತಾರೆ, ಕಾಗದ ತಯಾರಾಗುವಾಗಲೇ ಮೂಡಿಸಿದ ನೀರಚ್ಚು. ಅಲ್ಟ್ರಾವೈಲೆಟ್ ಟಾರ್ಚ್ ಬೆಳಕು ಹಾಕಿ ನೋಡಿ, ಕಾಗದ ಮಂಕಾಗಿಯೇ ಇರುತ್ತದೆ. ಈ ನಾಲ್ಕೂ ಕಣ್ಣಿಗೆ ಕೂತರೆ ಮುಂದೆ ನಕಲಿ ನೋಟು ತಾನೇ ಕಣ್ಣಿಗೆ ಚುಚ್ಚುತ್ತದೆ.

ಕೆರೆಂಕಿ ಆದಮೇಲೆ ದಕ್ಷಿಣದ ಯೆರ್ಮಾಕ್, ಪ್ಲಾತೊವ್, ಗಂಟೆಯ ನೋಟು. ಅಲ್ಲಿಗೆ ಐದು. ಆಮೇಲೆ ಆರು ತಿಂಗಳು ಕೊಳ್ಳುವುದು ಬೇಡ, ಬರೀ ನೋಡಿ. ಹರಾಜುಗಳಲ್ಲಿ ಯಾವುದು ಎಷ್ಟಕ್ಕೆ ಹೋಯಿತು ಅಂತ ಬರೆದಿಡಿ. ಕೇಳುವ ಬೆಲೆಯನ್ನಲ್ಲ, ಮಾರಾಟವಾದ ಬೆಲೆಯನ್ನು.

4. ಕಟಲಾಗ್ ನಂಬರು, ಗ್ರೇಡು

ಆಲ್ಬರ್ಟ್ ಪಿಕ್ ಎಂಬ ಜರ್ಮನ್ ಸಂಗ್ರಾಹಕ ಲೋಕದ ನೋಟುಗಳಿಗೆಲ್ಲ ನಂಬರ್ ಕೊಡುವ ಪದ್ಧತಿ ಶುರು ಮಾಡಿದರು. ಮಾರುವವರು ‘ಪಿಕ್’ ಅಂತ ಬರೆಯುವುದು ಅದೇ. ನಂಬರು ಇಂಗ್ಲಿಷಿನ ‘ಎಸ್’ ಅಕ್ಷರದಿಂದ ಶುರುವಾದರೆ ಅದು ಪ್ರಾದೇಶಿಕ ಅಥವಾ ಖಾಸಗಿ ಬ್ಯಾಂಕಿನ ನೋಟು. ನಮಗೆ ಬೇಕಾದದ್ದು ಹೆಚ್ಚಾಗಿ ಈ ಎಸ್ ಪಟ್ಟಿಯಲ್ಲೇ ಇರುತ್ತದೆ. ತೀರಾ ಸಣ್ಣ ಊರುಗಳ, ಕಾರ್ಖಾನೆಗಳ ಚೀಟಿ ಅದರಲ್ಲಿ ಸಿಗುವುದಿಲ್ಲ, ಅದಕ್ಕೆ ರಷ್ಯನ್ ಕಟಲಾಗುಗಳೇ ಗತಿ. ಕಟಲಾಗಿನಲ್ಲಿ ಇಲ್ಲ ಅಂದ ಮಾತ್ರಕ್ಕೆ ‘ಅಪರೂಪ’ ಅಂತ ಹಿಗ್ಗಬೇಡಿ. ಎಷ್ಟೋ ಸಲ ಅದು ನಕಲಿ ಆಗಿರುತ್ತದೆ.

ಗ್ರೇಡ್ ಅಂದರೆ ನೋಟಿನ ಸ್ಥಿತಿಗೆ ಕೊಡುವ ದರ್ಜೆ. ಯುಎನ್‌ಸಿ ಅಂದರೆ ಮಡಿಕೆಯೇ ಬೀಳದ ಗರಿಗರಿ ನೋಟು. ಎಕ್ಸ್‌ಎಫ್ ಅಂದರೆ ಒಂದೆರಡು ಮಡಿಕೆ. ವಿಎಫ್ ಅಂದರೆ ಓಡಾಡಿದೆ, ಆದರೆ ಜೀವ ಇದೆ. ಎಫ್ ಅಂದರೆ ಸುಸ್ತಾಗಿದೆ. ಈ ಕಾಲದ ಪ್ರಾದೇಶಿಕ ನೋಟಿಗೆ ವಿಎಫ್ ಸಾಕು ಅಂತ ನನ್ನ ಅನಿಸಿಕೆ. ಕೈಯಿಂದ ಕೈಗೆ ಹೋದ ಗುರುತು ಇರಬೇಕು. ಅಂಚು ಸೊಟ್ಟಗಿದ್ದರೆ, ಚಿತ್ರ ಒಂದು ಕಡೆ ವಾಲಿದ್ದರೆ ಅದನ್ನು ದೋಷ ಅಂತ ಎಣಿಸಬೇಡಿ, ಅಚ್ಚು ಹಾಕಿದವರಿಗೇ ಗಡಿಬಿಡಿ ಇತ್ತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ದರ್ಜೆ ಬರೆದುಕೊಡುವ ವಿದೇಶಿ ಕಂಪನಿಗಳಿವೆ. ಅಗ್ಗದ ನೋಟಿಗೆ ಅದನ್ನು ಮಾಡಿಸುವುದು ಕುದುರೆಗಿಂತ ಲಾಳ ದುಬಾರಿ ಅನ್ನುವ ಲೆಕ್ಕ.

5. ನಕಲಿ ಗುರುತಿಸುವುದು

ಇಲ್ಲಿ ನಿಧಾನವಾಗಿ ಓದಿ. ದುಡ್ಡು ಹೋಗುವುದೇ ಇಲ್ಲಿ.

ನಕಲಿಯಲ್ಲಿ ಮೂರು ಜಾತಿ. ಮೊದಲನೆಯದು ಆ ಕಾಲದಲ್ಲೇ ಕಳ್ಳರು ಮಾಡಿದ್ದು. ಅದಕ್ಕೂ ನೂರು ವರ್ಷ ವಯಸ್ಸಾಗಿದೆ, ಅದನ್ನೇ ಕೂಡಿಸುವವರೂ ಇದ್ದಾರೆ. ಗೊತ್ತಿದ್ದು ಕೊಂಡರೆ ತಪ್ಪಿಲ್ಲ. ಎರಡನೆಯದು ಈಗಿನ ಪ್ರಿಂಟರಿನಲ್ಲಿ ತೆಗೆದದ್ದು. ಇದನ್ನು ಹಿಡಿಯುವುದು ಸುಲಭ. ಭೂತಗನ್ನಡಿಯಲ್ಲಿ ಗೆರೆ ಹೋಗಿ ನೀಲಿ, ಗುಲಾಬಿ, ಹಳದಿ ಚುಕ್ಕಿಗಳಾಗುತ್ತವೆ. ಟಾರ್ಚ್ ಬಿಟ್ಟರೆ ಕಾಗದ ನೀಲಿಬಿಳಿಯಾಗಿ ಫಳ್ ಅಂತ ಹೊಳೆಯುತ್ತದೆ. ಕಾಗದವನ್ನು ಬೆಳ್ಳಗೆ ತೋರಿಸುವ ಆ ರಾಸಾಯನಿಕ ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ಆಸುಪಾಸಿನಿಂದೀಚೆಗೆ. 1919ರ ಕಾಗದದಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಕಾಗದ ಹಳದಿಯಾಗಿದೆ ಅಂತ ನಂಬಬೇಡಿ. ಚಹಾ ಡಿಕಾಕ್ಷನ್‌ನಲ್ಲಿ ಅದ್ದಿದರೆ ಯಾವ ಕಾಗದವೂ ಹಳದಿಯಾಗುತ್ತದೆ.

ಮೂರನೆಯದೇ ಅಪಾಯದ್ದು. ನೋಟು ಅಸಲಿ, ಮುದ್ರೆ ನಕಲಿ. ಎಷ್ಟೋ ಊರುಗಳವರು ಹೊಸ ನೋಟು ಅಚ್ಚು ಹಾಕದೆ, ಕೈಗೆ ಸಿಕ್ಕ ತ್ಸಾರ್ ಕಾಲದ ನೋಟಿಗೋ ಸಾಲಪತ್ರಕ್ಕೋ ತಮ್ಮ ರಬ್ಬರ್ ಸ್ಟಾಂಪ್ ಹೊಡೆದು ‘ಇದು ನಮ್ಮಲ್ಲಿ ನಡೆಯುತ್ತದೆ’ ಅಂದರು. ಹೀಗೆ ಮೇಲಿಂದ ಹಾಕಿದ ಅಚ್ಚಿಗೆ ಓವರ್‌ಪ್ರಿಂಟ್ ಅಂತಾರೆ. ಅಡಿಯ ನೋಟಿಗೆ ಕವಡೆ ಕಿಮ್ಮತ್ತು, ಬೆಲೆಯೆಲ್ಲ ಆ ಮುದ್ರೆಗೆ. ಹಾಗಾದರೆ ಕಳ್ಳ ಏನು ಮಾಡುತ್ತಾನೆ? ಅಗ್ಗದ ಅಸಲಿ ನೋಟು ತಂದು ಮುದ್ರೆಯೊಂದನ್ನು ತಾನು ಒತ್ತುತ್ತಾನೆ. ಕಾಗದ, ನೀರಚ್ಚು, ಟಾರ್ಚ್ ಎಲ್ಲ ಪರೀಕ್ಷೆಯಲ್ಲೂ ಪಾಸು.

ನಾನೂ ಒಮ್ಮೆ ಬಿದ್ದಿದ್ದೇನೆ. ನೇರಳೆ ಮುದ್ರೆಯ ನೋಟು, ಸೈಬೀರಿಯಾದ ಸಣ್ಣ ಊರಿನದು ಅಂತ ಮಾರಿದರು. ಎರಡು ವರ್ಷ ಹೆಮ್ಮೆಯಿಂದ ತೋರಿಸಿಕೊಂಡು ತಿರುಗಿದೆ. ಒಂದು ದಿನ ಹಿರಿಯ ಸಂಗ್ರಾಹಕರೊಬ್ಬರು ಕನ್ನಡಿಯಿಟ್ಟು ಮಡಿಕೆಯ ಹತ್ತಿರ ಬೆರಳು ತೋರಿಸಿದರು. ನೋಟಿನ ನಡುವಿನ ಹಳೆಯ ಮಡಿಕೆಯಲ್ಲಿ ಕಾಗದದ ಮೇಲ್ಪದರ ಸವೆದು, ಒಳಗಿನ ಬಿಳಿ ನಾರು ಎದ್ದಿತ್ತು. ಅಸಲಿ ಅಚ್ಚಿನ ಗೆರೆಗಳು ಅಲ್ಲಿಗೆ ಬಂದು ತುಂಡಾಗಿದ್ದವು. ನೇರಳೆ ಶಾಯಿ ಮಾತ್ರ ಆ ಬಿಳಿ ನಾರಿನ ಒಳಗೆ ಇಳಿದಿತ್ತು. ಅಂದರೆ ಮಡಿಕೆ ಸವೆದ ಎಷ್ಟೋ ವರ್ಷದ ಮೇಲೆ ಮುದ್ರೆ ಬಿದ್ದಿದೆ. ಅಷ್ಟೇ. ಎರಡು ನಿಮಿಷದ ಕೆಲಸ, ನಾನು ಎರಡು ವರ್ಷ ಮಾಡಿರಲಿಲ್ಲ. ಅವತ್ತಿನಿಂದ ಮುದ್ರೆಯ ನೋಟು ಸಿಕ್ಕರೆ ಮೊದಲು ಮಡಿಕೆ ನೋಡುತ್ತೇನೆ. ಮುದ್ರೆಯ ಮೇಲೆ ಮಡಿಕೆ ಹಾದುಹೋಗದಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ. ಆಗ ಅದೇ ಊರಿನ ಖಚಿತ ಮುದ್ರೆಯ ಚಿತ್ರದ ಪಕ್ಕ ಇಟ್ಟು ಅಳತೆ, ಅಕ್ಷರದ ಆಕಾರ ಹೋಲಿಸಬೇಕು.

ರೇಷ್ಮೆ ನೋಟಿನ ವಿಷಯ ಬೇರೆ. ಖೊರೆಜ್ಮ್‌ನ ರೇಷ್ಮೆ ಕೈಮಗ್ಗದ್ದು. ಬೆಳಕಿಗೆ ಹಿಡಿದರೆ ಎಳೆಗಳು ಒಂದು ದಪ್ಪ, ಒಂದು ತೆಳು. ಅಲ್ಲಲ್ಲಿ ಗಂಟು. ಮರದ ಅಚ್ಚಿನ ಬಣ್ಣ ಹಿಂಬದಿಗೂ ಇಳಿದಿರುತ್ತದೆ. ಅಳತೆ ಹಾಕಿದ ಹಾಗೆ ಒಂದೇ ಸಮ ನೇಯ್ದ ಸ್ಯಾಟಿನ್ ಕಂಡರೆ ಬೇಡ ಅನ್ನಿ. ಅಂದಹಾಗೆ, ಸೀರೆ ಅಂಗಡಿಯಲ್ಲಿ ಎಳೆ ಸುಟ್ಟು ರೇಷ್ಮೆ ಹೌದೋ ಅಲ್ಲವೋ ನೋಡುತ್ತಾರಲ್ಲ, ಆ ಅಭ್ಯಾಸ ಇಲ್ಲಿ ಬೇಡ ಮಾರಾಯ್ರೇ. ಒಂದು ಎಳೆ ಹೋದರೂ ಬೆಲೆ ಇಳಿಯುತ್ತದೆ.

6. ಎಲ್ಲಿ ಕೊಳ್ಳುವುದು, ಹೇಗೆ ತರಿಸುವುದು

ಸೋತ ಶ್ವೇತ ಪಡೆಯ ಜನ 1920ರ ಸುಮಾರಿಗೆ ದೇಶ ಬಿಟ್ಟು ಬರ್ಲಿನ್, ಪ್ಯಾರಿಸ್, ಚೀನಾದ ಹಾರ್ಬಿನ್ ಕಡೆ ಹೋದರು. ಪೆಟ್ಟಿಗೆಯಲ್ಲಿ ಈ ನೋಟುಗಳೂ ಹೋದವು, ಒಂದು ದಿನ ಮತ್ತೆ ನಡೆಯುತ್ತವೆ ಅನ್ನುವ ಆಸೆಯಲ್ಲಿ. ಅದಕ್ಕೇ ಇವತ್ತಿಗೂ ಯುರೋಪಿನಲ್ಲಿ ಒಳ್ಳೆಯ ಮಾಲು ಸಿಗುತ್ತದೆ. ಜರ್ಮನಿ, ಪೋಲೆಂಡ್, ಬಾಲ್ಟಿಕ್ ದೇಶಗಳು, ಬ್ರಿಟನ್ನಿನ ಮಾರಾಟಗಾರರನ್ನು ನೋಡಿ. ರಷ್ಯಾದಿಂದ ನೇರ ಕೊಳ್ಳುವುದು ಈಗ ತಲೆನೋವು. 2022ರಿಂದ ವೀಸಾ, ಮಾಸ್ಟರ್‌ಕಾರ್ಡ್ ಅಲ್ಲಿ ಕೆಲಸ ನಿಲ್ಲಿಸಿವೆ. ಸಾಲದ್ದಕ್ಕೆ ನೂರು ವರ್ಷ ದಾಟಿದ ವಸ್ತು ಹೊರಗೆ ಕಳಿಸಲು ಅಲ್ಲಿ ಅನುಮತಿಯ ರಗಳೆ.

ಬೆಂಗಳೂರು, ಮುಂಬೈ, ಚೆನ್ನೈ ಮೇಳಗಳಲ್ಲೂ ಕೆರೆಂಕಿ, ತ್ಸಾರ್ ಕಾಲದ ನೋಟು ಸಿಗುತ್ತವೆ. ಕೈಯಲ್ಲಿ ಹಿಡಿದು ನೋಡಬಹುದು, ಅದೇ ದೊಡ್ಡ ಲಾಭ. ಮಾರುವವರಿಗೆ ಎಷ್ಟೋ ಸಲ ಏನು ಮಾರುತ್ತಿದ್ದೇವೆ ಅಂತಲೇ ಗೊತ್ತಿರುವುದಿಲ್ಲ, ಅದು ಎರಡೂ ಕಡೆ ಕೊಯ್ಯುತ್ತದೆ. ಮೇಳಕ್ಕೆ ಹೋಗುವ ಮುಂಚೆ ಬೆಂಗಳೂರಿನಲ್ಲಿರುವ ಭಾರತೀಯ ಕಾಗದದ ಹಣದ ಮ್ಯೂಸಿಯಂ ಒಮ್ಮೆ ನೋಡಿ ಬನ್ನಿ. ರೆಜ್ವಾನ್ ರಜಾಕ್ ಅವರ ಸಂಗ್ರಹ ಅದು. ಅಲ್ಲಿರುವುದು ನಮ್ಮ ದೇಶದ ನೋಟು. ಆದರೆ ಹಳೆಯ ನೋಟನ್ನು ಹೇಗೆ ಜೋಡಿಸಬೇಕು, ಹೇಗೆ ತೋರಿಸಬೇಕು ಅನ್ನುವುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ.

‘ಲಾಟ್’ ಅಂತ ಕಂಡರೆ ಹುಷಾರು. ಐವತ್ತು ನೂರು ನೋಟನ್ನು ಒಟ್ಟಿಗೆ ಮಾರುವುದಕ್ಕೆ ಲಾಟ್ ಅಂತಾರೆ. ಫೋಟೊದಲ್ಲಿ ಮೇಲಿನ ನಾಲ್ಕು ಚೆಂದ, ಅಡಿಯಲ್ಲಿ ಒಂದೇ ಥರದ ಹರಕು. ಕಾಣದಿರುವ ನೋಟಿಗೆ ದುಡ್ಡು ಕೊಡಬೇಡಿ.

ಪಾರ್ಸೆಲ್ ತರಿಸುವಾಗ ಮಾರುವವರಿಗೆ ಮೊದಲೇ ಹೇಳಿ: ಕಸ್ಟಮ್ಸ್ ಚೀಟಿಯಲ್ಲಿ ಬರೀ ‘ಕರೆನ್ಸಿ’ ಅಂತ ಬರೆಯಬಾರದು, ‘ಚಲಾವಣೆ ಇಲ್ಲದ ಹಳೆಯ ನೋಟು, ಸಂಗ್ರಹಕ್ಕೆ’ ಅಂತ ಬರೆಯಬೇಕು. ಎಷ್ಟೋ ದೇಶಗಳ ಅಂಚೆಯಲ್ಲಿ ದುಡ್ಡು ಕಳಿಸುವುದಕ್ಕೆ ನಿರ್ಬಂಧ ಇದೆ, ಅಲ್ಲೇ ತಡೆದುಬಿಡುತ್ತಾರೆ. ಬೆಲೆ ಮಾತ್ರ ಸರಿಯಾದದ್ದೇ ಬರೆಸಿ. ಸುಂಕ ಉಳಿಸಲು ಕಡಿಮೆ ಬರೆಸಿದರೆ, ಪಾರ್ಸೆಲ್ ಕಳೆದಾಗ ಅಷ್ಟೇ ಪರಿಹಾರ. ಸುಂಕದ ದರ ಬದಲಾಗುತ್ತಿರುತ್ತದೆ, ತರಿಸುವ ಮುಂಚೆ ಕೇಳಿಕೊಳ್ಳಿ.

ಇನ್ನೊಂದು ಮಾತು. ‘ನಿಮ್ಮ ಹಳೆ ನೋಟಿಗೆ ಲಕ್ಷ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ’ ಅಂತ ಫೋನ್ ಬಂದರೆ ಇಟ್ಟುಬಿಡಿ. ಇಂಥವರು ತನ್ನ ಹೆಸರನ್ನೂ ಬಳಸುತ್ತಿದ್ದಾರೆ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

7. ಮಳೆಗಾಲ ದಾಟಿಸುವುದು

ಈ ನೋಟುಗಳು ರಷ್ಯಾದ ಚಳಿಯಲ್ಲಿ ನೂರು ವರ್ಷ ಉಳಿದಿವೆ. ನಮ್ಮ ಒಂದು ಆಷಾಢ ಸಾಕು ಹಾಳಾಗಲು. ಮಲೆನಾಡು, ಕರಾವಳಿಯವರು ಇದನ್ನು ಎರಡು ಸಲ ಓದಿ.

ಸ್ಟೇಷನರಿ ಅಂಗಡಿಯ ಮೆತ್ತನೆ ಪ್ಲಾಸ್ಟಿಕ್ ಆಲ್ಬಂ ಬೇಡ. ಅದು ಪಿವಿಸಿ, ಕಾಲಕ್ರಮೇಣ ಎಣ್ಣೆಯಂಥ ಅಂಟು ಬಿಟ್ಟು ಶಾಯಿ ಎಬ್ಬಿಸುತ್ತದೆ. ಮೂಗಿಗೆ ಹೊಸ ಮಳೆಕೋಟಿನ ವಾಸನೆ ಬಂದರೆ ಅದೇ ಅಂತ ತಿಳಿಯಿರಿ. ಪಾಲಿಯೆಸ್ಟರ್ ಕವರೇ ಬೇಕು. ಕವರುಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಣ್ಣ ಬದಲಾಗುವ ಜೆಲ್ ತಗೊಳ್ಳಿ, ಒಣಗಿಸುವ ಸಮಯ ಗೊತ್ತಾಗುತ್ತದೆ. ಹೊರಗೋಡೆಗೆ ತಾಗಿದ ಬೀರು ಬೇಡ, ನೆಲಕ್ಕೆ ತಾಗಿದ ಪೆಟ್ಟಿಗೆ ಬೇಡ, ಗೆದ್ದಲಿಗೆ ನೀವೇ ಊಟ ಬಡಿಸಿದ ಹಾಗೆ. ಸೀರೆಗೆ ಇಡುವ ಹಾಗೆ ಬೇವಿನ ಸೊಪ್ಪು ಇಡಬೇಡಿ, ಸೊಪ್ಪಿನ ನೀರು ಕಲೆ ಮಾಡುತ್ತದೆ. ನುಸಿಗುಳಿಗೆಯೂ ಬೇಡ.

ಹರಿದ ಕಡೆ ಸೆಲ್ಲೋಟೇಪ್ ಅಂಟಿಸಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ. ತೊಳೆಯಬೇಡಿ, ಇಸ್ತ್ರಿ ಮಾಡಬೇಡಿ. ಇಸ್ತ್ರಿ ಮಾಡಿದ ನೋಟು ಚಪ್ಪಟೆಯಾಗಿ ನೋಡಲು ಚೆಂದ ಕಾಣುತ್ತದೆ, ಆದರೆ ಅಚ್ಚಿನ ಉಬ್ಬು ಸತ್ತಿರುತ್ತದೆ. ಬಲ್ಲವರು ಬೆರಳು ಸವರಿಯೇ ಹೇಳುತ್ತಾರೆ.

8. ಬರೆದಿಡಿ

ಪ್ರತಿ ನೋಟಿಗೂ ಒಂದು ಸಾಲು: ಊರು, ಯಾರ ಆಡಳಿತ, ಮೊತ್ತ, ನೋಟಿನ ಮೇಲಿನ ಇಸವಿ, ನಿಜವಾಗಿ ಹೊರಬಂದ ಇಸವಿ, ಕಟಲಾಗ್ ನಂಬರ್, ಅಗಲ ಉದ್ದ, ಎಲ್ಲಿ ಯಾವಾಗ ಎಷ್ಟಕ್ಕೆ ಕೊಂಡದ್ದು. ಬಿಲ್ಲು, ಕಸ್ಟಮ್ಸ್ ಚೀಟಿ ಬಿಸಾಡಬೇಡಿ. ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಭಾರತದಿಂದ ಹೊರಗೆ ಒಯ್ಯಲು 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ. ವಿದೇಶದಲ್ಲಿರುವ ಮಗಳಿಗೋ ತಮ್ಮನಿಗೋ ಉಡುಗೊರೆ ಅಂತ ಸೂಟ್‌ಕೇಸಿಗೆ ಹಾಕಿ ಕಳಿಸುವ ಮುಂಚೆ ಪುರಾತತ್ವ ಇಲಾಖೆಯಲ್ಲಿ ಕೇಳಿ. ಇಂಥ ದಿನ ಹೊರಗಿನಿಂದ ತರಿಸಿದ್ದು ಅಂತ ತೋರಿಸುವ ಕಾಗದ ಇದ್ದರೆ ಆಗ ಮಾತಾಡಲು ಒಂದು ಆಧಾರ ಇರುತ್ತದೆ. ನನ್ನ ಪುಸ್ತಕದಲ್ಲಿ ಆ ನೇರಳೆ ಮುದ್ರೆಯ ನೋಟಿಗೂ ಒಂದು ಸಾಲು ಇದೆ. ಊರಿನ ಹೆಸರಿನ ಮೇಲೆ ಗೆರೆ ಎಳೆದು ‘ನೋಟು ಅಸಲಿ, ಮುದ್ರೆ ನಕಲಿ, ಮಡಿಕೆ ನೋಡಿ’ ಅಂತ ಬರೆದಿದ್ದೇನೆ. ಹೊಸಬರು ಮನೆಗೆ ಬಂದರೆ ಮೊದಲು ತೋರಿಸುವುದು ಅದನ್ನೇ.